ಮರಳು ಬಕೆಟ್ಟಿನ ಪಕ್ಕದ ಕೊಕ್ಕೆ

ಸೈನ್ಯದ ವೈದ್ಯರೆಂದರೆ ಗುಂಡೇಟಿಗೆ ಹೊಲಿಗೆ ಹಾಕುವವರು ಎಂದಷ್ಟೇ ತಿಳಿದವರು ನಮ್ಮಲ್ಲಿ ಬಹಳ. ಗುಂಡಿಗೆ ಸಿಗದೆ ಉಳಿದು ಬಂದವನು ಬೆನ್ನುನೋವಿನ ಗುಳಿಗೆಗೆ ಬಲಿಯಾಗಬಲ್ಲನೆಂಬ ಮಾತನ್ನು ಎತ್ತುವುದೇ ಅವಮಾನವೆಂದು ಬಗೆದಿದ್ದ ಕಾಲದಲ್ಲಿ, ಅದನ್ನು ಎತ್ತಿ, ಎತ್ತಿದ್ದನ್ನು ಕೆಳಗಿಡದೆ, ಕೊನೆಗೆ ಗೆದ್ದೇ ತೋರಿಸಿದವರು ಈಚೆಗಷ್ಟೇ ನಿವೃತ್ತರಾದ ನಮ್ಮ ಡಾಕ್ಟರಮ್ಮನವರು. ಮದ್ದು ಮಿತಿಮೀರಿ ಸೈನಿಕರು ಸಾಯುವುದನ್ನು ಪತ್ತೆಹಚ್ಚಿ ತಡೆಯುವ ಕೆಲಸಕ್ಕೆ ಈಗ ವಿಭಾಗಗಳಿವೆ, ತಣ್ಣಗಿನ ಕೋಣೆಗಳಿವೆ, ದೊಡ್ಡ ದೊಡ್ಡ ಹೆಸರುಗಳಿವೆ. ಅವರು ಆರಂಭಿಸಿದಾಗ ಇದ್ದದ್ದು ಆಸ್ಪತ್ರೆಯ ಹಿಂಬದಿಯ ಒಂದು ಕಿಷ್ಕಿಂಧೆ. ಅದರಲ್ಲೂ ಅರ್ಧ ಜಾಗವನ್ನು ಮುರಿದ ಸ್ಟ್ರೆಚರುಗಳು ಆಕ್ರಮಿಸಿದ್ದವು.

ಸೇವೆಗೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರಿಗೆ ಬ್ಯಾರಕ್ಕಿನಿಂದ ಕರೆ ಬಂತು. ಮಂಚದ ಮೇಲೆ ಒಬ್ಬ ಸೈನಿಕ ತೀರಿಕೊಂಡಿದ್ದ. ಗೆಳೆಯರು ಅವನ ಬೂಟು ಬಿಚ್ಚಿ, ಭುಜದವರೆಗೆ ಕಂಬಳಿ ಹೊದಿಸಿ, ತಲೆಯಡಿಗೆ ತಮ್ಮದೂ ಒಂದು ದಿಂಬಿಟ್ಟು ಮಲಗಿಸಿದ್ದರು. ನೋವಿನ ಗುಳಿಗೆ ಹೆಚ್ಚು ನುಂಗಿದ್ದಾನೆಂದು ಅವರಿಗೆಲ್ಲ ಗೊತ್ತಿತ್ತು. ಗೊರಕೆ ಕೇಳಿಸುತ್ತಿದ್ದುದರಿಂದ ಅಮಲು ನಿದ್ದೆಯಲ್ಲೇ ಇಳಿದುಹೋದೀತೆಂದು ನಂಬಿದ್ದರು. ಆಸ್ಪತ್ರೆಗೆ ಸುದ್ದಿ ಮುಟ್ಟಿಸಿದರೆ ಅವನ ನೌಕರಿಗೂ ತಮ್ಮ ನೌಕರಿಗೂ ಸಂಚಕಾರವೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಮಗನ ದೇಹ ಒಯ್ಯಲು ಬಂದ ತಾಯಿ ಕೇಳಿದ್ದು ಒಂದೇ ಮಾತು: "ಪಕ್ಕದಲ್ಲಿ ಯಾರೂ ಇರ್ಲಿಲ್ವೇನಮ್ಮಾ?" ಎಲ್ಲರೂ ಇದ್ದರು ಎಂದು ಹೇಳಲು ಡಾಕ್ಟರಮ್ಮನವರಿಗೆ ನಾಲಿಗೆ ಹೊರಳಲಿಲ್ಲ. ಆ ತಾಯಿ ಹೋದ ಮೇಲೆ ಅವರು ಕೈತೊಳೆಯುವ ನಲ್ಲಿಯನ್ನು ಜೋರಾಗಿ ತಿರುಗಿಸಿ, ಅದರ ಸದ್ದಿನಲ್ಲಿ ಅತ್ತರು.

ಹೃದಯ ನಿಂತು ಸತ್ತನೆಂದು ಬರೆದುಬಿಡಿ, ಮನೆಯವರ ಮರ್ಯಾದೆ ಉಳಿಯುತ್ತದೆ ಎಂದು ಮೇಲಧಿಕಾರಿಗಳು ಸೂಚಿಸಿದರು. "ಕೊನೆಗೆ ಎಲ್ಲರ ಹೃದಯಾನೂ ನಿಲ್ಲುತ್ತೆ ಸಾರ್. ಯಾಕೆ ನಿಲ್ತು ಅಂತ ಬರೀದಿದ್ರೆ, ನಾಳೆ ಇನ್ನೊಬ್ಬಂದು ನಿಲ್ಲುತ್ತೆ" ಎಂದರು ಇವರು. ಬರೆದೇ ಬರೆದರು. ಅದಕ್ಕೆ ಸಿಕ್ಕ ಬಹುಮಾನವೆಂದರೆ ಮುಂದೆ ಹೋದ ಬಡ್ತಿ ಮತ್ತು ಲಸಿಕೆ ಹಾಕುವ ಕೋಣೆಗೆ ವರ್ಗ. ಆದರೂ ಹಿಡಿದ ಪಟ್ಟು ಬಿಡದೆ, ಸಹಾಯಕ್ಕೆ ಕೂಗಿದವನಿಗೆ ಶಿಕ್ಷೆಯಿಲ್ಲವೆಂಬ ಆದೇಶವನ್ನು ವರ್ಷಗಟ್ಟಲೆ ಬಾಗಿಲು ಬಡಿದು ಹೊರಡಿಸಿದ್ದು ಅವರ ಮೊದಲ ಗೆಲುವು.

ಅಷ್ಟರಲ್ಲಿ ನಿಂತುಹೋಗುತ್ತಿರುವ ಉಸಿರನ್ನು ಮರಳಿಸುವ ಪ್ರತಿಮದ್ದು ಬಂತು. ಮೂಗಿಗೆ ಸಿಂಪಡಿಸಿದರೆ ಸಾಕು, ಸೂಜಿಯ ಹಂಗಿಲ್ಲ. ಬಂದದ್ದೇ ತಡ, ಅದು ಉಗ್ರಾಣ ಸೇರಿತು. ಉಗ್ರಾಣದ ಅಧಿಕಾರಿಗೆ ಇಡೀ ದಂಡಿನಲ್ಲಿ ಬೀಗದಪ್ಪ ಎಂದೇ ಹೆಸರು. ತಮ್ಮ ಊಟದ ಡಬ್ಬಿಗೂ ಬೀಗ ಹಾಕುತ್ತಿದ್ದ ಪುಣ್ಯಾತ್ಮರು ಅವರು. ಉಸಿರು ನಿಂತವನು ಬೀಗದಪ್ಪನವರು ಬರುವ ತನಕ ಕಾಯುವುದುಂಟೇ? ಡಾಕ್ಟರಮ್ಮನವರು ಕಮಾಂಡರರನ್ನು, ಕುರುಡರನ್ನು ಕೈಹಿಡಿದು ನಡೆಸುವಂತೆ, ಬ್ಯಾರಕ್ಕಿನ ಮೊಗಸಾಲೆಗೆ ಕರೆತಂದು, ಗೋಡೆಗೆ ಸಾಲಾಗಿ ನೇತುಹಾಕಿದ್ದ ಕೆಂಪು ಮರಳು ಬಕೆಟ್ಟುಗಳನ್ನು ತೋರಿಸಿದರು.

"ಇದಕ್ಕೆ ಬೀಗ ಎಲ್ಲಿದೆ ಸಾರ್? ಬೆಂಕಿ ಬಿದ್ದಾಗ ಯಾರು ಹಚ್ಚಿದ್ದು ಅಂತ ಕೇಳ್ಕೊಂಡು ಮರಳು ಎರಚ್ತೀವಾ?"

ಕಮಾಂಡರರು ನಕ್ಕು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ: ಮಾಲು ಕಳುವಾಗತೊಡಗಿದರೆ ಮತ್ತೆ ಉಗ್ರಾಣವೇ ಗತಿ. ಹೀಗೆ ಪ್ರತಿ ಬಕೆಟ್ಟಿನ ಪಕ್ಕ ಒಂದೊಂದು ಕೊಕ್ಕೆ, ಕೊಕ್ಕೆಗೊಂದು ಪುಟ್ಟ ಕೆಂಪು ಚೀಲ, ಚೀಲದಲ್ಲಿ ಆ ಮದ್ದು ಬಂದು ಕೂತವು.

ಕಳುವಾಗತೊಡಗಿತು! ಅದೂ ಲಾರಿ ಚಾಲಕರ ಬ್ಯಾರಕ್ಕಿನಲ್ಲಿ ಇವತ್ತು ತುಂಬಿದ ಕೊಕ್ಕೆ ನಾಳೆ ಬೋಳು. "ನಾನು ಬಡ್ಕೊಂಡೆ, ಕೇಳಿದ್ರಾ?" ಎಂದು ಬೀಗದಪ್ಪನವರು ಬೀಗದ ಕೈಗೊಂಚಲನ್ನು ಕುಣಿಸಿದರು. ಕಮಾಂಡರರು ಡಾಕ್ಟರಮ್ಮನವರನ್ನು ಕರೆಸಿದರು. ಕೆಂಪು ಚೀಲಗಳು ಮರಳಿ ಕತ್ತಲೆಗೆ ಹೋಗುವ ಹೊತ್ತು ಬಂದಿತ್ತು. ಹೋದರೆ ಇನ್ನೆಷ್ಟು ತಾಯಂದಿರಿಗೆ ಉತ್ತರ ಹೇಳಬೇಕೋ ಎಂದುಕೊಳ್ಳುತ್ತಲೇ ಅವರು ಹೊರಟರು. ಆದರೆ ಮೆಟ್ಟಿಲು ಹತ್ತುತ್ತಲೇ ಅವರಿಗೆ ಹೊಳೆದದ್ದು ಬೇರೆ.

"ಇದ್ರಿಂದ ಅಮಲೇರಲ್ಲ ಸಾರ್, ಮಾರೋಕೆ ಹೋದ್ರೆ ಬೀದೀಲಿ ಯಾರೂ ಮೂಸಲ್ಲ. ತನ್ನ ಪಕ್ಕದವನು ಸತ್ತುಹೋಗ್ತಾನೆ ಅನ್ನೋ ಭಯ ಇರೋನು ಮಾತ್ರ ಇದನ್ನ ಕದೀತಾನೆ. ಬೆಂಕಿ ಎಲ್ಲಿದೆ ಅಂತ ನಾವು ಇಷ್ಟು ದಿನ ಹುಡುಕ್ತಾ ಇದ್ವಿ. ಕೊಕ್ಕೆ ತಾನಾಗೇ ಹೇಳ್ತಾ ಇದೆ."

ಕಮಾಂಡರರು ಬೀಗ ಬೇಡವೆಂದರು.

ಚಾಲಕರ ಬ್ಯಾರಕ್ಕಿಗೆ ಹೋದ ಡಾಕ್ಟರಮ್ಮನವರು ಕದ್ದವರಾರೆಂದು ಕೇಳಲಿಲ್ಲ. ಬೆನ್ನುನೋವು ಯಾರಿಗಿದೆ ಎಂದು ಕೇಳಿದರು. ಎಲ್ಲರೂ ಕೈಯೆತ್ತಿದರು. ಮರುದಿನ ತಾವೇ ಒಂದು ಲಾರಿ ಹತ್ತಿ ಕಲ್ಲುದಾರಿಯಲ್ಲಿ ಹೋಗಿ, ಇಳಿಯುವಾಗ ಸೊಂಟ ಹಿಡಿದುಕೊಂಡು "ಅಯ್ಯಯ್ಯೋ" ಎಂದರೆಂದು ಚಾಲಕರು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. ಸೀಟಿನ ಸ್ಪ್ರಿಂಗು ಸತ್ತಿತ್ತು. ದಾರಿಯುದ್ದಕ್ಕೂ ಬೇರೆ ಬೇರೆ ಶಿಬಿರದ ವೈದ್ಯರು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದೆ, ನೋವಿನ ಗುಳಿಗೆ ಕೊಡುತ್ತಿದ್ದರು. ಸೀಟು ಬದಲಾಯಿತು, ಗುಳಿಗೆ ಕೊಡುವ ಕೈ ಒಂದೇ ಆಯಿತು, ಚಟಕ್ಕೆ ಬಿದ್ದವರಿಗೆ ಬೈಗುಳವಿಲ್ಲದ ಚಿಕಿತ್ಸೆ ಸಿಕ್ಕಿತು. ಅಂದಿನಿಂದ ವಾರಕ್ಕೊಮ್ಮೆ ಮೊಗಸಾಲೆಗಳಲ್ಲಿ ನಡೆದು ಖಾಲಿ ಕೊಕ್ಕೆಗಳನ್ನು ನೋಡುವುದೇ ಅವರ ಪತ್ತೇದಾರಿಕೆಯಾಯಿತು. ಆ ಬ್ಯಾರಕ್ಕಿನಿಂದ ಒಂದು ಹೆಣವೂ ಬರಲಿಲ್ಲ. ಬೇರೆ ದಂಡುಗಳವರು ಬಂದು ನೋಡಿ, ತಮ್ಮಲ್ಲೂ ಕೊಕ್ಕೆ ಹೊಡೆಸಿಕೊಂಡರು.

ಬೀಳ್ಕೊಡುಗೆಯ ದಿನ ಹಾರ, ಭಾಷಣಗಳೆಲ್ಲ ಮುಗಿದ ಮೇಲೆ, ನಿವೃತ್ತರಾಗಿ ಮೊಮ್ಮಕ್ಕಳ ಸೈಕಲ್ಲಿಗೆ ಬೀಗ ಹಾಕಿಕೊಂಡಿದ್ದ ಬೀಗದಪ್ಪನವರು ಒಂದು ಕೆಂಪು ಮರಳು ಬಕೆಟ್ಟು ಹಿಡಿದು ವೇದಿಕೆ ಹತ್ತಿದರು. ಒಳಗೆ ಮರಳಿರಲಿಲ್ಲ, ಅಂಚಿನವರೆಗೆ ಹಳೆಯ ಕೆಂಪು ಚೀಲಗಳಿದ್ದವು, ಅವಧಿ ಮುಗಿದವು, ಬಣ್ಣ ಮಾಸಿದವು.

"ಕಳ್ಳಮಾಲು ವಾಪಸ್ ಬಂದಿದೆ ಡಾಕ್ಟ್ರಮ್ಮಾ. ತಗೊಂಡೋರೇ ತಂದುಕೊಟ್ರು. ಒಂದನ್ನೂ ಒಡೆದಿಲ್ಲ ನೋಡಿ, ಬೇಕೇ ಆಗ್ಲಿಲ್ವಂತೆ!" ಎಂದು ಬಕೆಟ್ಟನ್ನು ಅವರ ಮುಂದಿಟ್ಟರು.

"ಒಂದು ಒಡೆದಿದೆ" ಎಂದು ಹಿಂದಿನ ಸಾಲಿನಿಂದ ಒಬ್ಬ ಚಾಲಕ ಖಾಲಿ ಚೀಲವೊಂದನ್ನು ಹಿಡಿದು ಎದ್ದು, ಪಕ್ಕದಲ್ಲಿದ್ದ ದಪ್ಪನೆಯ ಆಸಾಮಿಯನ್ನು ರಟ್ಟೆ ಹಿಡಿದು ಎಳೆತಂದ. "ಇವನು ನನ್ನ ಷಡ್ಡಕ. ನೀವು ನಮ್ಮ ಬ್ಯಾರಕ್ಕಿಗೆ ಬರೋ ಮುಂಚೆ, ದೂರದ ದಾರೀಲಿ, ಲಾರಿಯೊಳಗೇ ತುಟಿ ನೀಲಿ ಮಾಡ್ಕೊಂಡ. ಕದ್ದು ಇಟ್ಕೊಂಡಿದ್ದೆ, ಸಿಂಪಡಿಸಿದೆ, ಮುಂದಿನ ಊರಿನ ಆಸ್ಪತ್ರೆಗೆ ಹಾಕ್ದೆ. ಇವನು ಹೋಗಿದ್ರೆ ಅಕ್ಕ ತಂಗಿ ಇಬ್ರೂ ಸೇರಿ ನನ್ನ ಉಳಿಸ್ತಿದ್ರಾ?"

ಸಭೆ ನಕ್ಕಿತು. ಡಾಕ್ಟರಮ್ಮನವರು ನಗಲಿಲ್ಲ. ಆ ಖಾಲಿ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬದುಕಿ ನಿಂತಿದ್ದವನನ್ನು ಮೆಲ್ಲಗೆ ಕೇಳಿದರು: "ಪಕ್ಕದಲ್ಲಿ ಯಾರಿದ್ರಪ್ಪಾ?"

"ಇವನೇ ಇದ್ದ ಡಾಕ್ಟ್ರಮ್ಮಾ."

ಊರಿನ ಬಸ್ ಡಿಪೋದವರು ತಮ್ಮ ಗೋಡೆಗೂ ಕೊಕ್ಕೆ ಹೊಡೆಸಿಕೊಡಲು ಬನ್ನಿರೆಂದು ಈಗಾಗಲೇ ಅವರನ್ನು ಕರೆದಿದ್ದಾರಂತೆ. ನಿವೃತ್ತಿಯೆಂಬುದು ಅವರಿಗೆ ಸಮವಸ್ತ್ರಕ್ಕೆ ಮಾತ್ರ. ಅವರು ನೂರು ಕಾಲ ಬಾಳಲಿ. ಕಂಡ ಕೊಕ್ಕೆಗಳೆಲ್ಲ ತುಂಬಿರಲಿ. ಎಲ್ಲಾದರೂ ಒಂದು ಖಾಲಿಯಾಗಿ ಕಂಡರೆ, ಅಲ್ಲಿಗೆ ನಡೆದು ಹೋಗುವಷ್ಟು ಕಸುವು ಅವರ ಕಾಲಲ್ಲಿ ಸದಾ ಇರಲಿ.