ಕಾವಲಿಯ ಎಡ ಅಂಚಿನ ಹನಿ

ಇದೇ ಕಥೆಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಅರ್ಧಕ್ಕೇ ತಡೆದು ನಿಲ್ಲಿಸುತ್ತಿದ್ದೆ. ನೋಡಿದ್ದು ಯಾರು, ಎಷ್ಟು ಸಲ ನೋಡಿದ್ದು, ಬೇರೆ ಕಾರಣ ಇರಲಿಕ್ಕಿಲ್ಲವೇ ಎಂದು ಕೇಳಿ ಕೇಳಿ, ಕೊನೆಗೆ ಹೇಳುವವರೇ ‘ಬಿಡು, ನಿನಗೆ ಹೇಳಿ ಪ್ರಯೋಜನ ಇಲ್ಲ’ ಎಂದು ಎದ್ದು ಹೋಗುವಂತೆ ಮಾಡುತ್ತಿದ್ದೆ. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಯ ವಿಷಯ ಬಂದಾಗಲೆಲ್ಲ ಗೆದ್ದವಳು ನಾನು. ಒಂದು ಸಲ ಬಹುಮಾನವೆಂದು ಮುಚ್ಚಳವಿರುವ ದೊಡ್ಡ ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಆ ಡಬ್ಬಿ ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಎಲ್ಲಾದರೂ ತೂತು ಕಂಡರೆ ದಯವಿಟ್ಟು ತೋರಿಸಿ, ನನಗೇ ಉಪಕಾರ.

ಆಗ ನಾನು ನೆರೂಳಿನ ಒಂದು ಕಾಲೇಜಿನಲ್ಲಿ ರೋಬೋಟಿಕ್ಸ್ ಮತ್ತು ಕೃತಕ ಬುದ್ಧಿಮತ್ತೆಯ ಎಂ.ಟೆಕ್. ಕೊನೆಯ ವರ್ಷದಲ್ಲಿದ್ದೆ. ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ನೆರೂಳಿಗೆ ಇನ್ನೊಂದು, ಸಂಜೆ ಅದೇ ದಾರಿ ಹಿಂದಕ್ಕೆ. ಕೋರ್ಸಿನ ಹೆಸರು ಕೇಳಿದವರಿಗೆ ನಾನು ಭವಿಷ್ಯದಲ್ಲಿ ಬದುಕುತ್ತಿದ್ದೇನೆ ಅನ್ನಿಸುತ್ತಿತ್ತು. ನಾನು ಬದುಕುತ್ತಿದ್ದದ್ದು ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ, ಯಾರದೋ ಬ್ಯಾಗಿನ ಜಿಪ್ಪು ಕೆನ್ನೆಗೆ ಒತ್ತಿಸಿಕೊಂಡು. ದಾರಿಯ ದಿವಾ ಸ್ಟೇಷನ್ನಿನಲ್ಲಿ ಇನ್ನಷ್ಟು ಜನ ನುಗ್ಗಿದಾಗ ನಿಂತಲ್ಲೇ ಕಣ್ಣು ಮುಚ್ಚುವುದನ್ನು ಆ ವರ್ಷ ಕಲಿತೆ. ಬೀಳಲು ಜಾಗವಿರಲಿಲ್ಲ, ಹಾಗಾಗಿ ಬೀಳುವ ಭಯವೂ ಇರಲಿಲ್ಲ.

ನನ್ನ ಪ್ರಾಜೆಕ್ಟು ಒಂದು ಯಂತ್ರದ ಕೈ. ದೋಸೆ ಹುಯ್ಯುವ ಕೈ. ನಗಬೇಡಿ, ಅದು ಸುಲಭದ ಸಮಸ್ಯೆಯಲ್ಲ. ಹಿಟ್ಟು ದಿನಕ್ಕೊಂದು ಹದ, ಕಾವಲಿಗೆ ಗಳಿಗೆಗೊಂದು ಕಾವು. ಲೆಕ್ಕ ಬರೆದು ಯಂತ್ರಕ್ಕೆ ಕಲಿಸಲಾಗುವುದಿಲ್ಲ, ಮಾಡಿ ತೋರಿಸಬೇಕು. ಬಲ್ಲವರೊಬ್ಬರು ಯಂತ್ರದ ಮಣಿಕಟ್ಟು ಹಿಡಿದು ಮತ್ತೆ ಮತ್ತೆ ಹುಯ್ಯುತ್ತಾರೆ. ಆ ಚಲನೆಯೆಲ್ಲ ದಾಖಲಾಗುತ್ತದೆ. ಯಂತ್ರ ಅದರಿಂದ ತನ್ನ ಚಲನೆಯನ್ನು ಕಟ್ಟಿಕೊಳ್ಳುತ್ತದೆ. ತೋರಿಸಿದ್ದರ ಆಚೆ ಅದಕ್ಕೆ ಬೇರೇನೂ ಗೊತ್ತಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ತೋರಿಸಿದವರು ನನ್ನ ದೊಡ್ಡಪ್ಪ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ನಾವು ಮೂವರೇ: ಅಮ್ಮ, ನಾನು, ಮದುವೆಯಾಗದ ದೊಡ್ಡಪ್ಪ. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಪ್ರಾಯವೆಲ್ಲ ಕಾವಲಿಯ ಎದುರು ನಿಂತು ಆಗಷ್ಟೇ ಕೆಲಸ ಬಿಟ್ಟಿದ್ದರು. ನನ್ನನ್ನು ಚರ್ಚೆಗೆ ತಯಾರು ಮಾಡಿದವರೂ ಅವರೇ. ಮನೆಯಲ್ಲಿ ನಾವು ತುಳು ಮಾತಾಡುತ್ತಿದ್ದೆವು, ಆದರೆ ವಾದಕ್ಕೆ ನಿಂತರೆ ದೊಡ್ಡಪ್ಪ ಕನ್ನಡಕ್ಕೆ ತಿರುಗುತ್ತಿದ್ದರು. ಸೋಲುವ ಹಾಗಾದರೆ ವಿಷಯ ಬದಲಿಸುತ್ತಿದ್ದರು, ಅದೂ ಆಗದಿದ್ದರೆ ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಬೆಳಿಗ್ಗೆ ಮೊದಲ ದೋಸೆ ಹುಯ್ಯುವ ಮುಂಚೆ ಕಾವಲಿಯ ಎಡ ಅಂಚಿಗೆ ಒಂದು ಹನಿ ಹಿಟ್ಟು ಬಿಡುವುದು. ನಾಣ್ಯದಷ್ಟಗಲ ಬೆಂದ ಅದನ್ನು ಯಾರೂ ತಿನ್ನುವಂತಿಲ್ಲ, ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದರು. ಹೋದವರಿಗೆ ಅದು. ಹೋಟೆಲಿನಲ್ಲೂ ಹಾಗೆಯೇ ಮಾಡುತ್ತಿದ್ದರಂತೆ. ನಾನು ಬಿಡುತ್ತೇನೆಯೇ?

“ಅದು ಬರೇ ಹೀಟ್ ಟೆಸ್ಟ್ ದೊಡ್ಡಪ್ಪ. ಕಾವಲಿ ಕಾದಿದೆಯಾ ನೋಡ್ಲಿಕ್ಕೆ ಯಾರೋ ಶುರು ಮಾಡಿದ್ದು. ನೀವು ಅದಕ್ಕೆ ಸತ್ತವರನ್ನು ಅಂಟಿಸಿದ್ದೀರಿ.”

“ಆಯ್ತು ಮಾರಾಯ್ತಿ, ಟೆಸ್ಟೇ. ಟೆಸ್ಟ್ ಆದ್ರೆ ತಿನ್ನು ಹಾಗಾದ್ರೆ.”

“ತಿಂತೇನೆ, ಕೊಡಿ.”

“ಕೊಡುವುದಿಲ್ಲ,” ಎಂದು ಟಿವಿ ಸದ್ದು ಜಾಸ್ತಿ ಮಾಡಿದರು. ಆ ವಾದ ಅಲ್ಲಿಗೇ ನಿಂತಿತು.

ದೀಪಾವಳಿ ರಜೆಯಲ್ಲಿ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಇಂಡಕ್ಷನ್ ಒಲೆ ನೋಡಿ “ಬೆಂಕಿಯೇ ಇಲ್ಲದ ಒಲೆ, ಬುದ್ಧಿಯೇ ಇಲ್ಲದ ಕೈ, ಒಳ್ಳೇ ಜೋಡಿ” ಎಂದರು. ಜೊತೆಗೆ ಕೆಲಸ ಮಾಡುತ್ತಿದ್ದ ದಿವಾದ ಪ್ರಥಮೇಶನಿಗೆ ಅದನ್ನು ಹಿಂದಿಯಲ್ಲಿ ಹೇಳಿ ಅವನನ್ನೂ ನಗಿಸಿದರು. ಶುರು ಮಾಡುವಾಗ ಅವರ ಕೈ ತಾನಾಗಿಯೇ ಎಡ ಅಂಚಿಗೆ ಹೊರಟಿತು. ನಾನು ಹಿಡಿದುಕೊಂಡೆ. ಇಲ್ಲಿ ದೋಸೆ ಮಾತ್ರ, ಬೇರೆ ಚಲನೆ ಸೇರಿದರೆ ಯಂತ್ರ ಕಸ ಕಲಿಯುತ್ತದೆ ಎಂದೆ. “ಸರಿ, ಅದು ಮನೆಯಲ್ಲಿ ಬೆಳಿಗ್ಗೆ ಆಗಿಯೂ ಆಗಿದೆ,” ಎಂದು ಒಪ್ಪಿಕೊಂಡರು. ನಾನು ಹೇಳಿದ್ದು ತಾಂತ್ರಿಕವಾಗಿ ಸರಿಯೇ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಮುಖ್ಯ ವಿಷಯವೆಂದರೆ, ದಾಖಲೆ ಆರಂಭವಾದ ಮೇಲೆ ಆ ಹನಿ ಒಮ್ಮೆಯೂ ಬೀಳಲಿಲ್ಲ. ಆಮೇಲೆ ಎಲ್ಲವನ್ನೂ ಮತ್ತೆ ಮತ್ತೆ ನೋಡಿದ್ದೇನೆ. ಇಲ್ಲ.

ಜನವರಿ ಹೊತ್ತಿಗೆ ಯಂತ್ರ ಚೆನ್ನಾಗಿ ಕಲಿತಿತ್ತು. ಬೆಳಿಗ್ಗೆ ಓಡಿಸಿದರೂ ಸಂಜೆ ಓಡಿಸಿದರೂ ನೇರ ನಡುವಿಗೆ ಹೋಗಿ ದೋಸೆ ಹುಯ್ಯುತ್ತಿತ್ತು. ಫೆಬ್ರವರಿಯಲ್ಲಿ ಒಂದು ದಿನ ದೊಡ್ಡಪ್ಪ ಎದೆನೋವು ಎಂದರು. ಸಂಜೆಯ ಹೊತ್ತಿಗೆ ಇರಲಿಲ್ಲ.

ಬೊಜ್ಜ, ಅಂದರೆ ನಮ್ಮ ಕಡೆಯ ಉತ್ತರಕ್ರಿಯೆ, ಮುಗಿಸಿ ನಾನು ಲ್ಯಾಬಿಗೆ ಮರಳಿದೆ. ದುಃಖಕ್ಕಿಂತ ದಣಿವೇ ಹೆಚ್ಚಿತ್ತು ಎಂದರೆ ಕೆಟ್ಟದಾಗಿ ಕೇಳಿಸಬಹುದು, ಆದರೆ ಇದ್ದದ್ದು ಹಾಗೆ. ಅಮ್ಮ ಮನೆಯಲ್ಲಿ ದೋಸೆ ಮಾಡುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ಉಪ್ಪಿಟ್ಟು, ಇಲ್ಲವೇ ಪಾವ್. ನನ್ನ ಪ್ರಾಜೆಕ್ಟಿಗೆಂದು ಮಾತ್ರ ಹಿಟ್ಟು ರುಬ್ಬಿ ಆ ಬಹುಮಾನದ ಡಬ್ಬಿಯಲ್ಲಿ ತುಂಬಿಸಿ ಕೊಡುತ್ತಿದ್ದಳು. ಅದನ್ನು ಮಗುವಿನ ಹಾಗೆ ಎದೆಗೊತ್ತಿ ಹಿಡಿದು ಎರಡು ಲೋಕಲ್ ದಾಟಿಸುತ್ತಿದ್ದೆ.

ಮರಳಿದ ಮೊದಲ ಬೆಳಿಗ್ಗೆ ಯಂತ್ರ ಓಡಿಸಿದೆ. ಕೈ ಸೌಟನ್ನು ಅದ್ದಿತು, ಎತ್ತಿತು. ನಡುವಿಗೆ ಹೋಗಬೇಕಾದದ್ದು ಎಡಕ್ಕೆ ಹೋಯಿತು. ಅಂಚಿನ ಮೇಲೆ ನಿಂತು ಸ್ವಲ್ಪ ವಾಲಿತು. ಒಂದು ಹನಿ ಬಿತ್ತು. ಆಮೇಲೆ ನಡುವಿಗೆ ಬಂದು ಚಂದದ ದೋಸೆ ಹುಯ್ದಿತು.

ನಾನು ಕಿರುಚಲಿಲ್ಲ, ಬೆವರಲಿಲ್ಲ. ‘ಕ್ಯಾಲಿಬ್ರೇಷನ್ ಹೋಗಿದೆ’ ಅಂದುಕೊಂಡೆ. ಎರಡನೇ ದೋಸೆಗೆ ಹನಿ ಬೀಳಲಿಲ್ಲ, ಮೂರನೆಯದಕ್ಕೂ ಇಲ್ಲ. ಮರುದಿನ ಬೆಳಿಗ್ಗೆ ಮೊದಲನೆಯದಕ್ಕೆ ಮತ್ತೆ ಬಿತ್ತು.

ಇಲ್ಲಿಂದ ಮುಂದೆ ನೀವು ಕೇಳಬಹುದಾದ್ದನ್ನೆಲ್ಲ ನಾನೇ ಕೇಳಿದ್ದೇನೆ. ಯಂತ್ರ ಹೊಸದಾಗಿ ಆನ್ ಆದಾಗಿನ ದೋಷವೇ? ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದೆ, ಹನಿ ಇಲ್ಲ. ತಣ್ಣಗಿನ ಕಾವಲಿಯೇ? ತಣಿಸಿ ನೋಡಿದೆ, ಇಲ್ಲ. ಕಲಿತ ಮಾಡೆಲ್ ಬದಲಾಗಿದೆಯೇ? ಜನವರಿಯದೇ, ಯಾರೂ ಮುಟ್ಟಿಲ್ಲ. ಪ್ರಥಮೇಶನ ಕಿತಾಪತಿಯೇ? ಅವನಿಗೆ ನಮ್ಮ ಮನೆಯ ಅಭ್ಯಾಸ ಗೊತ್ತೇ ಇರಲಿಲ್ಲ. ನಾನು ಹೇಳಿದಾಗ “ಅರೇ, ತೂ ಪೆಹಲೇ ಸೋ ಜಾ ಯಾರ್” ಎಂದು, ನಿದ್ದೆಗೆಟ್ಟವಳ ಭ್ರಮೆ ಎಂಬಂತೆ ನಕ್ಕ. ಮರುದಿನ ಬೆಳಿಗ್ಗೆ ಪಕ್ಕದಲ್ಲಿ ನಿಂತು ನೋಡಿದ. “ಬಾಪ್ ರೇ” ಎಂದು ಎರಡು ಹೆಜ್ಜೆ ಹಿಂದೆ ಹೋದ. ಅಂದಿನಿಂದ ಯಂತ್ರಕ್ಕೆ ಕೈಮುಗಿಯದೆ ಸ್ವಿಚ್ ಹಾಕುತ್ತಿರಲಿಲ್ಲ. ಇಂಥ ಸಾಕ್ಷಿಯನ್ನು ಯಾವ ತೀರ್ಪುಗಾರರೂ ಒಪ್ಪುವುದಿಲ್ಲ ಎಂದು ನನಗೂ ಗೊತ್ತು.

ಗೈಡ್ ಮ್ಯಾಡಮ್ ಕೂಡ ನೋಡಿದರು. ಅವರಿಗೆ ಭೂತ ಕಾಣಲಿಲ್ಲ, ದೋಷ ಕಂಡಿತು. ಕಲಿಸದೆ ಇದ್ದದ್ದನ್ನು ಮಾಡುವ ಯಂತ್ರವನ್ನು ಮನುಷ್ಯರ ಪಕ್ಕ ನಿಲ್ಲಿಸಲಾಗದು, ಹೊರಗಿನ ಪರೀಕ್ಷಕರ ಎದುರು ಹೀಗಾದರೆ ತಾನು ಸಹಿ ಹಾಕುವುದಿಲ್ಲ, ಇನ್ನೊಂದು ಸೆಮಿಸ್ಟರ್ ಮಾಡು ಎಂದರು. ಸರಿಯಾದ ಮಾತು. ನಾನವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಠಾಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ಪದವಿ ಮುಗಿಸಿ ಬಂದರೆ ಮಾತ್ರ. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಸೆಮಿಸ್ಟರ್ ಆ ಸೇತುವೆ ಹತ್ತಿ ಇಳಿಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಎಡ ಅಂಚಿಗೆ ಹೋಗದಂತೆ ಪ್ರೋಗ್ರಾಮಿನಲ್ಲಿ ಒಂದು ಗಡಿ ಹಾಕಿ ನೋಡಿದೆ. ಮರುದಿನ ಬೆಳಿಗ್ಗೆ ಕೈ ಆ ಗಡಿಯ ತನಕ ಬಂದು ನಿಂತು ನಡುಗಿತು. ದೋಸೆಗೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೋಟಾರು ಗಡಿಯೊಂದಿಗೆ ಜಗ್ಗಾಡಿದರೆ ಹಾಗೆಯೇ ಆಗುತ್ತದೆ, ಅದರಲ್ಲಿ ವಿಚಿತ್ರವೇನಿಲ್ಲ. ಆದರೆ ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ಗಡಿ ತೆಗೆದುಬಿಟ್ಟೆ. ಪರೀಕ್ಷೆಯ ದಿನ ಬೇಗ ಹೋಗಿ ಆ ಮೊದಲನೆಯದನ್ನು ಮುಗಿಸಿಬಿಡೋಣವೆಂದರೆ, ಪರೀಕ್ಷಕರು ಬರುವ ತನಕ ಲ್ಯಾಬಿನ ಬಾಗಿಲು ತೆಗೆಯುವುದಿಲ್ಲ ಎಂದು ಮ್ಯಾಡಮ್ ಹೇಳಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಡಬ್ಬಿಗೆ ಹಿಟ್ಟು ತುಂಬುತ್ತ ಅಡುಗೆಮನೆಯಲ್ಲಿ ನಿಂತಿದ್ದಾಗ ಒಂದು ಯೋಚನೆ ಬಂತು. ಅದನ್ನು ಭಕ್ತಿ ಎನ್ನಬೇಡಿ. ಎಲ್ಲವನ್ನೂ ಬದಲಿಸಿ ನೋಡಿದ್ದೆ, ಒಂದನ್ನು ಬಿಟ್ಟು. ದೊಡ್ಡಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹನಿಯನ್ನು ಯಾರೂ ಹಾಕಿರಲಿಲ್ಲ. ಪ್ರಯೋಗ ಎಂದರೆ ಪ್ರಯೋಗ. ಮೇಲೆ ಎತ್ತಿಟ್ಟಿದ್ದ ಕಾವಲಿ ಇಳಿಸಿದೆ, ಕಾಯಿಸಿದೆ, ಎಡ ಅಂಚಿಗೆ ಒಂದು ಹನಿ ಬಿಟ್ಟೆ. ಬೆಂದದ್ದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು “ಟ್ರೈನ್ ತಪ್ತದೆ, ಹೋಗು” ಎಂದಳು.

ಲ್ಯಾಬಿನಲ್ಲಿ ಪರೀಕ್ಷಕರು ಕೈಕಟ್ಟಿ ನಿಂತಿದ್ದರು. ಮ್ಯಾಡಮ್ ನನ್ನ ಮುಖ ನೋಡಲಿಲ್ಲ. ಪ್ರಥಮೇಶ ಮರೆಯಲ್ಲಿ ಕೈಮುಗಿದು ಸ್ವಿಚ್ ಹಾಕಿದ. ಕೈ ಸೌಟನ್ನು ಅದ್ದಿತು, ಎತ್ತಿತು, ನೇರ ನಡುವಿಗೆ ಹೋಯಿತು. ಎಡಕ್ಕೆ ತಿರುಗಿಯೂ ನೋಡಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದಕ್ಕೆ ಕಣ್ಣಿಲ್ಲ, ಇರುವುದೊಂದು ಕ್ಯಾಮೆರಾ. ಪರೀಕ್ಷಕರು ಆ ದೋಸೆಯನ್ನು ಮುರಿದು ತಿಂದರು. ಮ್ಯಾಡಮ್ ಸಹಿ ಹಾಕಿದರು.

ಈಗ ಠಾಣೆಯಲ್ಲಿ ಕೆಲಸ. ಸೇತುವೆ ಇಲ್ಲ, ಒಂದೇ ಲೋಕಲ್. ಆ ಕೈ ನೆರೂಳಿನ ಲ್ಯಾಬಿನಲ್ಲೇ ಇದೆ. ಜೂನಿಯರ್‌ಗಳು ಅದನ್ನು ಓಡಿಸುತ್ತಾರೆ, ಹನಿಯ ಸುದ್ದಿ ಯಾರೂ ಹೇಳಿಲ್ಲ. ಒಂದು ಬೆಳಿಗ್ಗೆಯ ಫಲಿತಾಂಶದಿಂದ ಏನೂ ಸಿದ್ಧವಾಗುವುದಿಲ್ಲ, ಕಾಕತಾಳೀಯವೆನ್ನಲು ಧಾರಾಳ ಜಾಗವಿದೆ. ಪ್ರಯೋಗ ಪೂರ್ತಿಯಾಗಬೇಕಾದರೆ ಇನ್ನೊಂದು ಕೆಲಸ ಬಾಕಿ ಇದೆ: ಒಂದು ದಿನ ಮನೆಯಲ್ಲಿ ಹನಿ ಹಾಕದೆ ನೆರೂಳಿಗೆ ಹೋಗಿ ಯಂತ್ರ ಏನು ಮಾಡುತ್ತದೆಂದು ನೋಡಬೇಕು. ಯಾವಾಗ ಬೇಕಾದರೂ ಬಾ ಎಂದು ಮ್ಯಾಡಮ್ ಹೇಳಿದ್ದಾರೆ. ಇದನ್ನು ಬೇರೆ ಯಾರಾದರೂ ಮುಂದೂಡುತ್ತ ಕೂತಿದ್ದರೆ ನಾನು ಚರ್ಚೆಯ ವೇದಿಕೆಯ ಮೇಲೇ ಅವರ ವಾದವನ್ನು ಹರಿದು ಹಾಕುತ್ತಿದ್ದೆ. ಮನೆಯಲ್ಲಿ ಮತ್ತೆ ದೋಸೆ ಶುರುವಾಗಿದೆ. ಪ್ರತಿ ಬೆಳಿಗ್ಗೆ, ಇವತ್ತು ಹನಿ ಹಾಕುವುದಿಲ್ಲ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಕಾವಲಿ ಕಾದಿರುತ್ತದೆ.

ಮೊನ್ನೆ ಅಮ್ಮ ಎಂದಿನ ತುಳುವಿನಲ್ಲಿ ಕೊನೆಗೂ ಕೇಳಿದಳು.

“ಎಂತ ಅದು, ದಿನಾ ಅಂಚಿಗೆ?”

“ಹೀಟ್ ಟೆಸ್ಟ್.”

ನನ್ನೊಡನೆ ಕನ್ನಡದಲ್ಲಿ ವಾದ ಮಾಡಿದವಳೇ ಅಲ್ಲ ಅವಳು. ಅಂದು ಮಾತ್ರ ಕನ್ನಡದಲ್ಲೇ ಹೇಳಿದಳು: “ಟೆಸ್ಟ್ ಆದ್ರೆ ತಿನ್ನು ಹಾಗಾದ್ರೆ.”

ನಾನು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಲೋಕಲ್ ಹಿಡಿಯಲು ಓಡಿದೆ.