ಬಾಟಲಿಯ ಕೊರಳಿನ ಬಿಳಿ

ಮಗಳಿಗೆ ಮೂರು ತಿಂಗಳು ತುಂಬಿ ನಾಲ್ಕು ದಿನಕ್ಕೆ ನಾನು ಮತ್ತೆ ಕೆಲಸಕ್ಕೆ ಹೋಗಬೇಕಾಯಿತು. ಸೇಡಂನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಗುತ್ತಿಗೆ ನೌಕರಿ ನನ್ನದು. ಅಲ್ಲಿ ಹೆರಿಗೆ ರಜೆ ಎಂದರೆ ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದಷ್ಟು ದಿನ. ಮನೆ ವಾಡಿಯಲ್ಲಿ, ಗಂಡ ದುಡಿಯುವ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಬೆಳಗಿನ ರೈಲುಗಾಡಿ ಹಿಡಿದು ಚಿತ್ತಾಪುರ ದಾಟಿ ಸೇಡಂ ಮುಟ್ಟಬೇಕು, ಸಂಜೆ ಅದೇ ದಾರಿಯಲ್ಲಿ ಬರಬೇಕು. ನಡುವಿನ ಆ ಹೊತ್ತೆಲ್ಲ ನನ್ನ ಹಾಲು ನಾನಿಲ್ಲದೆ ಕೂಸಿಗೆ ಸಿಗಬೇಕಿತ್ತು.

ಡಬ್ಬಿ ಹಾಲಿನ ಮಾತು ಬಂದಾಗ ನಾನೇ ಒಲ್ಲೆ ಎಂದೆ. ಹಾಲು ಹಿಂಡಿ ತೆಗೆದು ಫ್ರಿಜ್ಜಿನಲ್ಲಿಟ್ಟು ಹೋಗುತ್ತೇನೆ ಎಂದು ಹಟ ಹಿಡಿದೆ. ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಕೂಸನ್ನು ನೋಡಿಕೊಳ್ಳಲು ಚಿಂಚೋಳಿ ಕಡೆಯ ಊರಿನಿಂದ ಅತ್ತೆ ಬಂದರು. ತೊಗರಿ ರಾಶಿ ಮುಗಿಸಿ, ಮಾವನ ಊಟವನ್ನು ನೆಗೆಣ್ಣಿಗೆ ಒಪ್ಪಿಸಿ ಬಂದವರ ಗಂಟಿನಲ್ಲಿ ಎರಡು ಸೀರೆ, ಒಂದು ಬೆಳ್ಳಿಯ ಒಳಲೆ. ತಮ್ಮ ನಾಲ್ಕೂ ಮಕ್ಕಳಿಗೆ ಅದರ ಮೂತಿಯಿಂದಲೇ ತೊಟ್ಟು ತೊಟ್ಟು ಕುಡಿಸಿದ್ದರಂತೆ. ಬೆಳ್ಳಿ ಸವೆದು ಒಂದು ಅಂಚು ಎಲೆಯಷ್ಟು ತೆಳ್ಳಗಾಗಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಎಂದು ಹೇಳಿ, ಅಲಮಾರಿನ ಮೇಲಿನ ಖಾನೆಯಲ್ಲಿ ಇಟ್ಟುಬಿಟ್ಟೆ.

ಎರಡು ಬಾಟಲಿ ನಾನು ಆಗಲೇ ತಂದಾಗಿತ್ತು. ಶಹಾಬಾದಿನ ಬಜಾರಿನಲ್ಲಿ ಒಂದು ಮಧ್ಯಾಹ್ನವೆಲ್ಲ ಆರಿಸಿ ತಂದವು. ಡಬ್ಬದ ಮೇಲೆ ನಗುವ ಕೂಸಿನ ಚಿತ್ರ, ಸಪೂರ ಕೊರಳು, ಹೊಟ್ಟೆ ತುಂಬ ಗೀರು ಗೀರು ಅಳತೆ, ಗಾಳಿ ಹೋಗಲೊಂದು ನಳಿಕೆ, ಅದಕ್ಕೊಂದು ಮುಚ್ಚಳ. ಬಿಡಿಸಿಟ್ಟರೆ ಒಂದೊಂದಕ್ಕೂ ಆರಾರು ತುಂಡು. ಇಷ್ಟು ತುಂಡು ಇದ್ದ ಮೇಲೆ ಅದು ಒಳ್ಳೆಯದೇ ಇರಬೇಕು ಎಂದು ನನ್ನ ಲೆಕ್ಕ.

ಅತ್ತೆ ಅದರ ಕೊರಳಿನಲ್ಲಿ ಎರಡು ಬೆರಳು ತೂರಿಸಿ ನೋಡಿದರು. ಎರಡನೆಯ ಗೆಣ್ಣಿಗೇ ಸಿಕ್ಕಿಕೊಂಡವು.

"ಕೈ ಹೋಗಲಾರದ ಭಾಂಡಿ ತೊಳದೀನಿ ಅಂದ್ರ ಯಾರು ನಂಬಬೇಕವ್ವಾ?" ಎಂದರು.

ನಾನು ನಕ್ಕೆ. ಬ್ರಷ್ ಇದೆ, ಕುದಿಸುವುದಿದೆ, ಇದು ನಿಮ್ಮ ಕಾಲವಲ್ಲ ಎಂದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು, ಅದನ್ನು ನಾನು ಬಾಟಲಿ ತೊಳೆಯುವುದರಲ್ಲಿ ತೋರಿಸಿದೆ. ಅವರು ಮರುಮಾತಾಡದೆ ಕಲಿತರು. ಎಷ್ಟು ಹೊತ್ತು ಕುದಿಸಬೇಕು, ಯಾವ ತುಂಡು ಎಲ್ಲಿ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಹಾಲನ್ನು ಒಲೆಗಿಡದೆ ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡುವುದು ಹೇಗೆ, ಉಳಿದ ಹಾಲನ್ನು ಮತ್ತೆ ಕುಡಿಸಬಾರದು, ಎಲ್ಲ ಕಲಿತರು. ಒಂದು ಮಾತ್ರ ತಮ್ಮದೇ ಸೇರಿಸಿದರು. ಉಳಿದ ಹಾಲನ್ನು ಬಚ್ಚಲಿಗೆ ಚೆಲ್ಲದೆ ಹಿತ್ತಲಿನ ಬೇವಿನ ಬುಡಕ್ಕೆ ಹಾಕಿ ಬರುತ್ತಿದ್ದರು. ತಾಯಿ ಹಾಲು ಕಾಲಿಗೆ ಸಿಗಬಾರದಂತೆ.

ನಮ್ಮ ನೀರಿನ ವಿಷಯ ಇಲ್ಲಿ ಹೇಳಲೇಬೇಕು. ಸಿಮೆಂಟು ಮಾಡುವ ಸುಣ್ಣದ ಕಲ್ಲಿನ ಮೇಲೆಯೇ ನಾವು ಬದುಕುವುದು. ಬೋರಿನ ನೀರಿನಲ್ಲೂ ಅದೇ ಸುಣ್ಣ. ಬಕೆಟ್ಟಿನ ಒಳಗೆ ಬಿಳಿ, ನಲ್ಲಿಯ ಮೂತಿಗೆ ಬಿಳಿ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಹಪ್ಪಳದಷ್ಟು ದಪ್ಪ ಬಿಳಿ. ಹೊಸದಾಗಿ ಬಂದವರು ತಿಕ್ಕುತ್ತಾರೆ, ಹಳಬರು ಬಿಡುತ್ತಾರೆ. ವರ್ಷಕ್ಕೊಮ್ಮೆ ಹುಣಸೆಹುಳಿ ಹಾಕಿ ತೆಗೆದರೆ ದೊಡ್ಡದು. ಬಿಳಿ ಕಂಡರೆ ಹೊಲಸು ಎಂದು ನಮಗೆ ಅನಿಸುವುದೇ ಇಲ್ಲ.

ನಾನು ಕೆಲಸಕ್ಕೆ ಹೋಗಲು ಶುರುಮಾಡಿ ಎರಡು ವಾರವಾಗಿರಬೇಕು. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಜಡೆಗೆ ಪಿನ್ನು ಸಿಗಿಸುತ್ತಿದ್ದೆ. ಅತ್ತೆ ಬಾಟಲಿ ಹಿಡಿದುಕೊಂಡು ಬಂದರು.

"ಇದೇನು, ಕೊಳ್ಳಾಗ ಬೆಳ್ಳಗ ಕುಂತದ ನೋಡವ್ವಾ. ಬ್ರಷ್ಷಿಗಿ ಸಿಗವಲ್ದು," ಎಂದರು.

"ಸುಣ್ಣ ಅದರಿ ಅತ್ತಿ. ನಮ್ಮ ನೀರಿಂದು," ಎಂದೆ. ಹೇಳುವಾಗ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಅವರು ಸರಿ ಎಂದು ತಲೆಯಾಡಿಸಿ ಒಳಗೆ ಹೋದರು. ಓದಿದ ಸೊಸೆ ಹೇಳಿದ ಮೇಲೆ ಮುಗಿಯಿತು. ನನಗೆ ಗಾಡಿ ಸಿಕ್ಕಿತು.

ಬಿಸಿಲು ಏರತೊಡಗಿದ ದಿನಗಳು. ಐದಾರು ದಿನ ಬಿಟ್ಟು ಮಗಳು ಹಾಲು ಕುಡಿದದ್ದನ್ನೆಲ್ಲ ಕಾರಿದಳು, ಭೇದಿ ಹಚ್ಚಿಕೊಂಡಳು. ನಾನು ಸಂಜೆ ಬರುವಷ್ಟರಲ್ಲಿ ಅವಳ ನೆತ್ತಿ ಒಳಗೆ ಇಳಿದಿತ್ತು. ಅಳಲು ಬಾಯಿ ತೆರೆಯುತ್ತಿದ್ದಳು, ದನಿ ಬರುತ್ತಿರಲಿಲ್ಲ. ನಾನು ಕೂಸನ್ನು ಕಿತ್ತುಕೊಂಡು, ಹೆಂಗ ತೊಳದ್ರಿ ಬಾಟಲಿ, ಕುದಿಸಿದ್ರೋ ಇಲ್ಲೋ ಎಂದು ಅತ್ತೆಯ ಮೇಲೆ ಕೂಗಾಡಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಅವಸರದಲ್ಲಿ ನಾನು ಮರೆತಿದ್ದ ಕೂಸಿನ ಟೊಪ್ಪಿಗೆಯನ್ನು ಅತ್ತೆ ಹುಡುಕಿ ತಂದುಕೊಟ್ಟರು, ಅಷ್ಟೆ.

ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆವು. ಅಷ್ಟು ಸಣ್ಣ ಕೈಗೆ ಸಲೈನಿನ ಸೂಜಿ ಚುಚ್ಚಿ ಪಟ್ಟಿಗೆ ಕಟ್ಟಿದ್ದನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮೊದಲ ಎರಡು ದಿನ ಅವಳು ಉಳಿಯುವುದಿಲ್ಲ ಎಂದೇ ನನಗೆ ಅನಿಸಿತ್ತು. ಮೂರನೆಯ ದಿನ ಅವಳು ಕಣ್ಣು ಬಿಟ್ಟು ಮೊಲೆಗೆ ಬಾಯಿ ಹಾಕಿದಾಗ, ಬಾಟಲಿ ತರಿಸಿ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಗಂಡನಿಗೆ ಹೇಳಿದೆ. ಅವನು ತಂದುಕೊಟ್ಟ. ಆಕೆ ಕೊರಳಿನ ಸುತ್ತಿನೊಳಗೆ ಒಂದು ಕಡ್ಡಿ ಆಡಿಸಿ, ತೆಗೆದು ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಹುಳಿ ವಾಸನೆ.

"ಇದು ಸುಣ್ಣಲ್ಲರಿ, ಹಳೇ ಹಾಲಿನ ಜಿಡ್ಡು," ಎಂದರು. ಸುಣ್ಣ ಎಂದು ನಾನು ಬಾಯಿ ಬಿಟ್ಟು ಅಂದಿರಬೇಕು, ನನಗೆ ಗೊತ್ತಿಲ್ಲ. ಇಂಥ ಸಪೂರ ಬಾಟಲಿ ಬೇಡ, ಕೈ ಪೂರ್ತಿ ಹೋಗುವ, ಮೂಲೆ ಇಲ್ಲದ ಸ್ಟೀಲಿನ ಪಾತ್ರೆಯಲ್ಲಿಟ್ಟು ಬಟ್ಟಲಿನಿಂದಲೋ ಒಳಲೆಯಿಂದಲೋ ಕುಡಿಸಿರಿ ಎಂದರು. ಒಳಲೆ ಎಂಬ ಮಾತು ಆಕೆಯ ಬಾಯಿಯಿಂದ ಬಂದಾಗ ನಾನು ತಲೆ ತಗ್ಗಿಸಿದೆ.

ಪಡಸಾಲೆಯಲ್ಲಿ ಗಂಡ ತನ್ನ ತಾಯಿಯನ್ನು ಕೇಳುತ್ತಿದ್ದ: ಅಷ್ಟು ಹೇಳಿಕೊಟ್ಟರೂ ನೆಟ್ಟಗೆ ತೊಳೆಯಲು ಆಗಲಿಲ್ಲವೇ ಎಂದು. ನನಗೆ ಎಲ್ಲ ಕೇಳಿಸುತ್ತಿತ್ತು. ಬಾಗಿಲಲ್ಲಿ ಬಾಟಲಿ ಹಿಡಿದು ನಿಂತ ಅತ್ತೆ, ನನ್ನ ಜಡೆ, ಗಡಿಯಾರ, ಎಲ್ಲ ನೆನಪಿತ್ತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಸಲೈನಿನ ಹನಿ ನೋಡುತ್ತ ಕುಳಿತೆ. ಅತ್ತೆಯೂ ತುಟಿ ಎರಡು ಮಾಡಲಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಹೇಡಿತನ ಮಾಡಿದೆ. ಬಾಟಲಿಯನ್ನು ಅಡುಗೆಮನೆಗೆ ಒಯ್ದು ಕೊರಳಿನ ಬಿಳಿಯ ಮೇಲೆ ನಿಂಬೆಹುಳಿ ಹಿಂಡಿದೆ. ಸುಣ್ಣವಾದರೆ ಹುಳಿಗೆ ನೊರೆ ಬಂದು ಕರಗಬೇಕು. ಡಾಕ್ಟರ ಮಾತು ಸುಳ್ಳಾಗಲಿ, ಸುಣ್ಣವೇ ಇರಲಿ ಎಂದು ದೇವರನ್ನು ಬೇಡಿಕೊಂಡೆ. ಪಕ್ಕದ ನಲ್ಲಿಯ ಮೂತಿಗೆ ಹಚ್ಚಿದ ಹುಳಿ ಚುಯ್ ಎಂದಿತು. ಬಾಟಲಿಯ ಬಿಳಿ ಅಲ್ಲಾಡದೆ ಹಾಗೇ ಕುಳಿತಿತ್ತು, ಬೆರಳಿಗೆ ಜಾರುತ್ತಿತ್ತು. ಎರಡೂ ಬಾಟಲಿಗಳನ್ನು ಒಯ್ದು ಕಸಕ್ಕೆ ಹಾಕಿದೆ.

ಅತ್ತೆ ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಅತ್ತರೆ ನನ್ನನ್ನು ಕರೆಯುತ್ತಿದ್ದರು. ಹಾಲಿನ ಪಾತ್ರೆ ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ನೋಡಿದರೆ ಎರಡು ಸೀರೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದರು. ನಾಳೆ ಕಾಳಗಿ ಮೇಲೆ ಹಾಯುವ ಬಸ್ಸಿಗೆ ಊರಿಗೆ ಹೋಗುತ್ತೇನೆಂದು ಮಗನಿಗೆ ಹೇಳಿದ್ದರಂತೆ. ಅವರು ಹೋದರೆ ನನ್ನ ನೌಕರಿ ಹೋಗುತ್ತದೆ ಎಂಬುದು ಮೊದಲು ಹೊಳೆಯಿತು, ಸುಳ್ಳು ಏಕೆ ಹೇಳಲಿ. ಆಮೇಲೆ ಹೊಳೆದದ್ದು, ಕೂಸನ್ನು ಕೊಲ್ಲಲು ಹೊರಟಿದ್ದ ಕೈ ಎಂಬ ಹೆಸರು ಹೊತ್ತು ಅವರು ಊರಿಗೆ ಹೋಗುತ್ತಾರೆ ಎಂಬುದು.

ಅವತ್ತೇ ಮಧ್ಯಾಹ್ನ ಶಹಾಬಾದಿಗೆ ಹೋದೆ. ಭಾಂಡಿ ಅಂಗಡಿಯಲ್ಲಿ ಕುಳಿತು ಒಂದೊಂದೇ ಪಾತ್ರೆಗೆ ಮಣಿಕಟ್ಟಿನವರೆಗೆ ಕೈ ಹಾಕಿ, ತಳದಲ್ಲಿ ಬೆರಳಾಡಿಸಿ ನೋಡಿದೆ. ಕೆಲವಕ್ಕೆ ಕಂಠದ ಒಳಗೆ ಮಡಿಕೆ ಇತ್ತು, ಕೆಲವಕ್ಕೆ ಮುಚ್ಚಳದಲ್ಲಿ ರಬ್ಬರಿನ ಸಂದು. ಒಳಗ ಏನ್ ಹುಡುಕಲಿಕತ್ತೀರಿ ಎಂದು ಅಂಗಡಿಯವನು ಬೇಸತ್ತು ಕೇಳಿದ. ಕೊನೆಗೆ ಎರಡು ಸಿಕ್ಕವು: ಅಗಲ ಬಾಯಿ, ನುಣುಪು ತಳ, ಬಿಗಿಯಾಗಿ ಕೂರುವ ಸಾದಾ ಮುಚ್ಚಳ.

ಅವನ್ನು ತಂದು ಅತ್ತೆಯ ಮುಂದಿಟ್ಟೆ. ಅಲಮಾರಿನಿಂದ ಒಳಲೆ ತೆಗೆದು ಪಕ್ಕಕ್ಕಿಟ್ಟೆ. ಅವರು ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು, ನನ್ನ ಕೈ ಬೇಡ ಎಂದರು.

"ಆವತ್ತು ನೀವು ಕೇಳಿದ್ರಿ ಅತ್ತಿ. ನಾ ನೋಡ್ಲಾರದೇ ಸುಣ್ಣ ಅಂತ ಹೇಳ್ದೆ," ಎಂದೆ. ಹೇಳುತ್ತಲೇ ಅಳು ಬಂತು. "ದವಾಖಾನಿಯಾಗೂ ನನಗ ನೆನಪಿತ್ತು. ಸುಮ್ನ ಕುಂತೆ."

ಅವರು ಹಿತ್ತಲಿನ ಬೇವನ್ನು ನೋಡಿದರು.

"ನನಗೂ ನೆನಪಿತ್ತು," ಎಂದರು. "ಹೇಳಿದ್ರ ನೀ ಮನಸಿಗಿ ಹಚ್ಕೊಂತಿದ್ದಿ. ತಾಯಿ ಮನಸು ಸುಟ್ರ ಹಾಲು ಹಿಂಗ್ತದ. ಅದ್ರ ಮ್ಯಾಲ ಕೂಸು ಏನ್ ಕುಡೀಬೇಕು? ನನ್ನ ಎದಿಯಾಗ ಹಿಂಗಲಿಕ್ಕಿ ಏನದ?"

ಅತ್ತೆ ತಮ್ಮ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ನೆಲದ ಕಲ್ಲಿನ ಮೇಲಿಟ್ಟರು. ಪಾತ್ರೆಗೆ ಕೈ ಹಾಕಿ ಒಳಗೆಲ್ಲ ಸುತ್ತಿಸಿ ತೆಗೆದರು. ಆಮೇಲೆ ಎದ್ದು ನೀರು ಕುದಿಯಲು ಇಟ್ಟರು. ಗಂಟು ಬಿಚ್ಚಿದ್ದು ಯಾವಾಗಲೋ ನಾನು ನೋಡಲಿಲ್ಲ. ಗಂಡನಿಗೆ ಸಂಜೆ ನಾನೇ ಎಲ್ಲ ಹೇಳಿದೆ.

ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ತೊಳೆದು ಒಣಗಿಸಿದ ಪಾತ್ರೆ ತಂದು ನನ್ನ ಮುಂದೆ ಹಿಡಿದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈ ತೊಳೆದುಕೊಂಡು, ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.