ಉಚ್ಚಂಗಮ್ಮ ಮಾಲ್ಟಾಕ್ಕೆ ಹೊರಟಿದ್ದು

ಲಿಬಿಯಾದಿಂದ ತಿಪ್ಪೇಶಪ್ಪನ ಕಾಗದ ಬಂತೆಂದರೆ ಓದುವ ಕೆಲಸ ಓಂಕಾರಪ್ಪ ಮೇಷ್ಟ್ರದು, ಕೇಳುವ ಕೆಲಸ ಅರ್ಧ ಕೇರಿಯದು. ಬರೆದದ್ದು ಹೆಂಡತಿ ಉಚ್ಚಂಗಮ್ಮನಿಗೆ. ಆದರೆ ಅವಳಿಗೆ ಓದು ಬರೆಹ ಇಲ್ಲವಲ್ಲ, ಏನು ಮಾಡುತ್ತಾಳೆ? ಮೇಷ್ಟ್ರ ಜಗುಲಿಯ ಕೆಳಗೆ ಸೆರಗು ಹೊದ್ದು ಕೂತು, ತನ್ನ ಗಂಡ ತನಗೆ ಹೇಳಿದ ಮಾತನ್ನು ಹತ್ತು ಜನರ ನಡುವೆ ಕೂತೇ ಕೇಳಬೇಕಿತ್ತು. ಜಗಳೂರಿನ ಆಚೆ ದನ ಕಾಯ್ದು ಬೆಳೆದ ಹುಡುಗಿ, ಎಪ್ಪತ್ತನಾಲ್ಕರಲ್ಲಿ ಚನ್ನಗಿರಿ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದಳು. ಗಂಡ ಚನ್ನಗಿರಿಯಲ್ಲಿ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ. ಒಳ್ಳೆಯ ಕೈ. ಎಂಬತ್ತೊಂದರಲ್ಲಿ ಒಬ್ಬ ಏಜೆಂಟ್ ಬಂದು, ಪೈಪು ಬೆಸೆಯುವವರು ಬೇಕು ಅಂತ ಲಿಬಿಯಾಕ್ಕೆ ಕರೆದುಕೊಂಡು ಹೋದ. ಹೋದವನು ಮೂರು ವರ್ಷವಾದರೂ ತಿರುಗಿ ಬರಲಿಲ್ಲ. ರಜೆ ಹಾಕಿ ಊರಿಗೆ ಬಂದರೆ ಆ ಜಾಗಕ್ಕೆ ಇನ್ನೊಬ್ಬನನ್ನು ಹಾಕಿಕೊಂಡುಬಿಡುತ್ತಾರೆ ಅನ್ನುವ ಭಯ. ಮಕ್ಕಳಾಗಿರಲಿಲ್ಲ. ಅತ್ತೆ ಮೂಕಮ್ಮ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ಅಕ್ಕಪಕ್ಕದವರ ಕೂಸನ್ನು ಎತ್ತಿಕೊಂಡು ಸೊಸೆಯ ಎದುರಿಗೇ ಓಡಾಡುತ್ತಿದ್ದಳು. ಅನ್ನುವುದು ಇನ್ನು ಬೇರೆ ಏನಿದೆ?

ಎಂಬತ್ತನಾಲ್ಕರ ಸಂಕ್ರಾಂತಿ ಕಳೆದು ಬಂದ ಕಾಗದವೇ ಬೇರೆ ಥರದ್ದು. ಲಿಬಿಯಾದ ಪಕ್ಕದಲ್ಲೇ ಸಮುದ್ರದ ನಡುವೆ ಮಾಲ್ಟಾ ಅಂತ ಒಂದು ದ್ವೀಪವಿದೆ, ಕಂಪನಿಯವರು ಏಪ್ರಿಲ್‌ನಲ್ಲಿ ಒಂದು ವಾರ ಬಿಡುವು ಕೊಡುತ್ತಾರೆ, ನಮ್ಮ ಫೋರ್‌ಮನ್ನು ಮಂಗಳೂರು ಕಡೆಯವರು, ಅವರು ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿದ್ದಾರೆ, ಅವರ ಜೊತೆಗೆ ನೀನೂ ಬಾ, ಟಿಕೆಟ್ಟು ರೂಮು ಎಲ್ಲ ನಾನು ನೋಡಿಕೊಳ್ಳುತ್ತೇನೆ, ಐದು ದಿನ ಇದ್ದು ಹೋಗುವಿಯಂತೆ, ಅಂತ ಬರೆದಿದ್ದ. ಮೇಷ್ಟ್ರು ಓದುತ್ತಾ ಓದುತ್ತಾ ತಾವೇ ನಾಚಿಕೊಂಡರು. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಪಕ್ಕದ ಮನೆ ಗಿಡ್ಡಮ್ಮನಂತೂ, ಮದುವೆಯಾಗಿ ಹತ್ತು ವರ್ಷಕ್ಕೆ ನಿನಗೆ ಪ್ರಸ್ತ ಬಂತಲ್ಲೇ ಅಂತ ತೊಡೆ ಚಿವುಟಿದಳು. ಉಚ್ಚಂಗಮ್ಮ ನಗಲಿಲ್ಲ. ಐದು ದಿನ ಅನ್ನುವುದೊಂದೇ ಅವಳ ತಲೆಯಲ್ಲಿ ನಿಂತಿತ್ತು. ಗಂಡನ ಮುಖವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ನೋಡುವ ಐದು ದಿನ, ಯಾರೂ ಓದಿ ಹೇಳಬೇಕಾಗಿಲ್ಲದ ಐದು ದಿನ.

ಅಲ್ಲಿಂದ ಮುಂದೆ ಪ್ರತಿ ಕಾಗದದಲ್ಲೂ ಅದೇ. ತಿಪ್ಪೇಶಪ್ಪ ದಿನಕ್ಕೆ ಇಷ್ಟು ಅಂತ ಗೆರೆ ಹಾಕಿ ಬರೆದು ಕಳಿಸಿದ. ಮೊದಲ ದಿನ ಎಲ್ಲೂ ಹೋಗೋದು ಬೇಡ, ನಿನಗೆ ಪ್ರಯಾಣದ ಆಯಾಸ ಇರುತ್ತೆ, ಸಂಜೆ ಬಂದರಿನ ಹತ್ತಿರ ಸುಮ್ಮನೆ ಕೂರೋಣ. ಎರಡನೇ ದಿನ ಕೋಟೆ ಗೋಡೆ, ದೊಡ್ಡ ಇಗರ್ಜಿ. ಕಲ್ಲೆಲ್ಲ ಹಳದಿ, ಬಿಸಿಲು ಬಿದ್ದರೆ ಬೆಲ್ಲದ ಬಣ್ಣ. ಮೂರನೇ ದಿನ ದೋಣಿಯಲ್ಲಿ ಪಕ್ಕದ ಸಣ್ಣ ದ್ವೀಪಕ್ಕೆ. ಅಲ್ಲಿ ದೋಣಿಯ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ, ದೃಷ್ಟಿ ತಾಗದ ಹಾಗೆ. ನಾಲ್ಕನೇ ದಿನ ಪೂರ್ತಿ ಸಮುದ್ರದ ಮರಳಿನ ಮೇಲೆ. ಐದನೇ ದಿನ ಅಮ್ಮನಿಗೆ, ಅಣ್ಣನ ಮಕ್ಕಳಿಗೆ ಸಾಮಾನು ತಗೊಳ್ಳೋದು. ಉಚ್ಚಂಗಮ್ಮನ ಪ್ರಶ್ನೆಗಳನ್ನು ಮೇಷ್ಟ್ರು ಬರೆದು ಹಾಕುತ್ತಿದ್ದರು. ಸೀರೆ ಉಟ್ಟುಕೊಂಡೇ ನೀರಿಗೆ ಇಳಿಯಬಹುದಾ? ಅಲ್ಲಿ ರಾಗಿ ಮುದ್ದೆ ಸಿಗುತ್ತಾ? ಸಿಗದಿದ್ದರೆ ಅವರು ಇಷ್ಟು ದಿನ ಏನು ತಿಂದರು? ಗಂಡ ಏನು ತಿನ್ನುತ್ತಿದ್ದಾನೆ ಅಂತ ಮೂರು ವರ್ಷದಲ್ಲಿ ಕೇಳಿಯೇ ಇರಲಿಲ್ಲ ಅನ್ನುವುದು ಈ ಕೊನೆಯ ಪ್ರಶ್ನೆಯನ್ನು ಬರೆಸುವಾಗ ಅವಳಿಗೆ ಹೊಳೆಯಿತು.

ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್ ಆಗಬೇಕಿತ್ತು. ಭಾವ ದೊಡ್ಡಣ್ಣ, ಅಂದರೆ ಗಂಡನ ಅಣ್ಣ, ಅವಳನ್ನು ಚನ್ನಗಿರಿಗೆ ಕರೆದುಕೊಂಡು ಹೋಗಿ ಅರ್ಜಿ ಟೈಪ್ ಮಾಡುವ ಗಾದ್ರಪ್ಪನ ಅಂಗಡಿಯಲ್ಲಿ ಕೂರಿಸಿದ. ಫೋಟೋ ತರುತ್ತೇನೆ, ಅಷ್ಟರಲ್ಲಿ ಬರೆಸಿರು ಅಂತ ಎದುರಿನ ಸ್ಟುಡಿಯೋಕ್ಕೆ ಹೋದ. ಹೋಗಬಾರದಿತ್ತು. ಹುಟ್ಟಿದ ಊರು, ತಂದೆ, ತಾಯಿ ಎಲ್ಲ ಸರಿಯಾಗಿಯೇ ಹೋಯಿತು. ಯಜಮಾನರ ಹೆಸರು ಅಂತ ಗಾದ್ರಪ್ಪ ಕೇಳಿದ. ಉಚ್ಚಂಗಮ್ಮ ನೆಲ ನೋಡಿದಳು.

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯಸ್ಸು ಸವೆಯುತ್ತದೆ ಅಂತ ಅವಳ ತಾಯಿ ಹೇಳಿದ್ದಳು, ಅವಳ ತಾಯಿಗೆ ಅವಳ ತಾಯಿ. ಮದುವೆಯ ದಿನ ಒಗಟು ಹಾಕಿ ಹೆಸರು ಹೇಳು ಅಂತ ಎಲ್ಲರೂ ಕಾಡಿದಾಗ ಅತ್ತಳೇ ಹೊರತು ಹೇಳಿರಲಿಲ್ಲ. ಈಗ ಸುತ್ತ ನಾಲ್ಕು ಗಂಡಸರು ಕೂತಿದ್ದಾರೆ, ಗಂಡ ನೋಡಿದರೆ ಸಾವಿರಾರು ಮೈಲಿ ಆಚೆ ಬೆಂಕಿಯ ಕೆಲಸದಲ್ಲಿ. ಹೇಗೆ ಹೇಳುತ್ತಾಳೆ?

"ಹಟ್ಟಿ ದೇವರ ಹೆಸರು ರೀ," ಅಂದಳು.

ನಾಯಕನಹಟ್ಟಿ ದೇವರು ಯಾರಿಗೆ ಗೊತ್ತಿಲ್ಲ! ಗಾದ್ರಪ್ಪನೂ ಭಕ್ತನೇ. "ಓಹೋ, ತಿಪ್ಪೇರುದ್ರಸ್ವಾಮಿ," ಅಂತ ಟೈಪ್ ಮಷೀನಿನ ಮೇಲೆ ಬೆರಳಿಟ್ಟ. ಅಲ್ಲ ಅನ್ನಬೇಕಾದರೆ ಸರಿಯಾದದ್ದು ಯಾವುದು ಅಂತಲೂ ಹೇಳಬೇಕಲ್ಲ.

"ಹೂಂ ರೀ, ಅದ್ರಾಗೇ ಒಂದು," ಅಂದಳು.

ಹೂಂ ಅಂದಿದ್ದು ಅವನಿಗೆ ಕೇಳಿಸಿತು, ಅದ್ರಾಗೇ ಒಂದು ಅಂದಿದ್ದು ಮಷೀನಿನ ಸದ್ದಿಗೆ ಹೋಯಿತು. ಹೆಂಡತಿಯ ಅರ್ಜಿಗೆ ಗಂಡನ ಹೆಸರು ಕೂತುಬಿಟ್ಟಿತು, ಇಂಗ್ಲಿಷಿನಲ್ಲಿ, ಇಲ್ಲದ ಗಂಡನ ಹೆಸರು. ದೊಡ್ಡಣ್ಣ ಫೋಟೋ ತಂದು ಅಂಟಿಸಿದ, ಇವಳು ಹೆಬ್ಬೆಟ್ಟು ಒತ್ತಿದಳು.

ಆಮೇಲೂ ಸರಿ ಮಾಡಬಹುದಿತ್ತು, ಹೊಟ್ಟೆ ಉರಿಯುವುದು ಅದಕ್ಕೇ. ಮಾರ್ಚ್ ಮೊದಲ ವಾರ ಪಾಸ್‌ಪೋರ್ಟು ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಟ ತಿರುವಿ, ಇದೇನು ತಿಪ್ಪೇಶಿ ಹೋಗಿ ತಿಪ್ಪೇರುದ್ರಸ್ವಾಮಿ ಆಗಿದ್ದಾನಲ್ಲ ಅಂತ ನಕ್ಕರು. ಎಲ್ಲರೂ ನಕ್ಕರು. ನಮ್ಮ ಕಡೆ ಇದು ದೊಡ್ಡ ವಿಷಯವೇ ಅಲ್ಲ. ಶಾಲೆಯ ದಾಖಲೆಯಲ್ಲಿ ತಿಪ್ಪೇಶಿ, ರೇಷನ್ ಕಾರ್ಡಿನಲ್ಲಿ ತಿಪ್ಪೇಸ್ವಾಮಿ, ಓಟಿನ ಪಟ್ಟಿಯಲ್ಲಿ ತಿಪ್ಪಣ್ಣ. ಮನುಷ್ಯ ಒಬ್ಬನೇ, ದೇವರೂ ಒಬ್ಬನೇ. ಯಾವನಾದರೂ ಇದುವರೆಗೆ ಅಕ್ಕಿ ಕೊಡಲ್ಲ ಅಂದಿದ್ದನೇ, ಓಟು ಹಾಕಿಸಲ್ಲ ಅಂದಿದ್ದನೇ? ಎಲ್ಲ ಒಂದೇ ಸ್ವಾಮಿ ಹೆಸರು, ನಡೀತೈತೆ ಬಿಡಿ ಅಂತ ಮೇಷ್ಟ್ರೇ ಅಂದಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಉಚ್ಚಂಗಮ್ಮನಿಗೆ ಮಾತ್ರ ಎದೆಯಲ್ಲಿ ಸಣ್ಣಗೆ ಅಳುಕು ಇತ್ತು. ಅದು ನನ್ನಿಂದ ಆದ ತಪ್ಪು ಅನ್ನಲು ನಾಚಿಕೆ. ಸುಮ್ಮನಿದ್ದಳು.

ಸುಮ್ಮನಿದ್ದು ತಯಾರಿ ಮಾಡಿದಳು. ಚನ್ನಗಿರಿಯಲ್ಲಿ ನೈಲಾನ್ ಸೀರೆ ತಂದಳು, ನೀರಿನಲ್ಲಿ ನೆನೆದರೂ ಬೇಗ ಒಣಗಲಿ ಅಂತ. ಐದಾರು ದಿನ ಕೆಡದ ಹಾಗೆ ಸಜ್ಜೆ ರೊಟ್ಟಿಯನ್ನು ಎಳ್ಳು ಹಚ್ಚಿ ತೆಳ್ಳಗೆ ತಟ್ಟಿ ಗರಿಗರಿ ಒಣಗಿಸಿದಳು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಬೆಲ್ಲ. ಮೂಕಮ್ಮ ಮೊದಮೊದಲು, ಗಂಡನ ಮನೆಯೂ ಅಲ್ಲ ತವರೂ ಅಲ್ಲ, ನೀರಿನ ನಡುವೆ ಯಾವುದೋ ಊರಿಗೆ ಹೆಂಗಸು ಹೋಗೋದು ಅಂದರೇನು ಅಂತ ಗೊಣಗಿದಳು. ಕೊನೆಗೆ ತಾನೇ ಒಲೆಯ ಮುಂದೆ ಕೂತು, ಅವನಿಗೆ ಇಷ್ಟ ಅಂತ ಹುರಿಗಡಲೆ ಉಂಡೆ ಕಟ್ಟಿದಳು. ಮಂಗಳೂರಿನಿಂದ ಫೋರ್‌ಮನ್ ಹೆಂಡತಿಯೇ ವೀಸಾದ ಕಾಗದಗಳನ್ನೆಲ್ಲ ಮಾಡಿಸಿ, ಬೊಂಬಾಯಿಗೆ ಇಂಥ ದಿನ ಬನ್ನಿ ಅಂತ ಬರೆದರು.

ದಾವಣಗೆರೆಗೆ ಹೋಗಿ ದೊಡ್ಡಣ್ಣನೂ ಅವಳೂ ಬೊಂಬಾಯಿ ಬಸ್ಸು ಹತ್ತಿದರು. ವಿಮಾನ ನಿಲ್ದಾಣದಲ್ಲಿ ಫೋರ್‌ಮನ್ ಹೆಂಡತಿ ಸಿಕ್ಕಿ, ಒಳ್ಳೆಯ ಹೆಂಗಸು, ಕೈ ಹಿಡಿದುಕೊಂಡರು. ದೊಡ್ಡಣ್ಣನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಒಂದು ಕಡೆ ಸಾಲು, ಸಾಲಿನ ಕೊನೆಗೆ ಮೇಜಿನ ಹಿಂದೆ ಅಧಿಕಾರಿ. ಫೋರ್‌ಮನ್ ಹೆಂಡತಿ ಸಲೀಸಾಗಿ ದಾಟಿದರು. ಉಚ್ಚಂಗಮ್ಮನ ಕಾಗದಗಳನ್ನು ಅವನು ಒಂದರ ಪಕ್ಕ ಒಂದಿಟ್ಟು ನೋಡಿದ, ತಿರುಗಿಸಿ ನೋಡಿದ, ಹಿಂದಿಯಲ್ಲಿ ಏನೋ ಕೇಳಿದ. ಅವಳಿಗೆ ತಿಳಿಯಲಿಲ್ಲ. ಧಾರವಾಡ ಕಡೆಯ ಒಬ್ಬ ಪೊಲೀಸಿನವನನ್ನು ಕರೆಸಿದರು.

ಅವನು ಮೆತ್ತಗೇ ಹೇಳಿದ. ಮಾಲ್ಟಾಕ್ಕೆ ಕರೆಸಿಕೊಳ್ಳುತ್ತಿರುವವನ ಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇನ್ನೊಂದು. ಹೀಗೆ ಬೇರೆ ಗಂಡಸರ ಹತ್ತಿರ ಹೆಂಗಸರನ್ನು ಸಾಗಿಸುವ ಏಜೆಂಟರು ಬಹಳ ಇದ್ದಾರೆ, ಸಾಹೇಬರು ಅದಕ್ಕೇ ಕೇಳುತ್ತಿದ್ದಾರೆ.

"ಖರೇ ಹೇಳವ್ವಾ. ನೀ ಯಾರ ಹೇಣ್ತಿ?"

ಹಿಂದಿನ ಸಾಲಿನವರೆಲ್ಲ ನೋಡುತ್ತಿದ್ದರು. ಅವಳಿಗೆ ಮಾನ ಹೋದ ಹಾಗಾಯಿತು. ಆ ಮೇಜಿನ ಆಚೆ, ಎರಡು ವಿಮಾನದಷ್ಟು ದೂರದಲ್ಲಿ ಅವಳ ಗಂಡ ಕಾಯುತ್ತಿದ್ದಾನೆ. ಕಣ್ಣು ಮುಚ್ಚಿಕೊಂಡು, ಹುಟ್ಟಿದಾಗಿನಿಂದ ಹೇಳದ ಮಾತನ್ನು ಹೇಳಿದಳು.

"ತಿಪ್ಪೇಶಪ್ಪ." ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ, ಗಟ್ಟಿಯಾಗಿ, "ತಿಪ್ಪೇಶಪ್ಪ ರೀ. ನಮ್ಮನೆಯವ್ರು."

ಪೊಲೀಸಿನವನು ಅದನ್ನು ಹಿಂದಿಯಲ್ಲಿ ಹೇಳಿದ. ಅಧಿಕಾರಿ ತಲೆ ಅಲ್ಲಾಡಿಸಿದ. ಬಾಯಿಮಾತು ಯಾರು ಬೇಕಾದರೂ ಹೇಳಬಹುದು, ಪಾಸ್‌ಪೋರ್ಟಿನಲ್ಲಿ ತಿದ್ದಿಸಿಕೊಂಡು ಬರಲಿ ಅಂದ. ಅವನದೂ ತಪ್ಪಲ್ಲ ಬಿಡಿ. ಫೋರ್‌ಮನ್ ಹೆಂಡತಿ ಆಚೆಯಿಂದ ವಾದ ಮಾಡಿದರು, ಬೇಡಿಕೊಂಡರು, ಅಷ್ಟರಲ್ಲಿ ಅವರ ವಿಮಾನದ ಹೊತ್ತಾಯಿತು. ಉಚ್ಚಂಗಮ್ಮ ರೊಟ್ಟಿಯ ಗಂಟನ್ನು ಅವರ ಕೈಗೆ ದಾಟಿಸಿದಳು.

ಹೊರಗೆ ಬಂದಾಗ ದೊಡ್ಡಣ್ಣ ಏನಾಯಿತು ಅಂತ ಕೇಳಿದ. ಕಾಗದ ಸರಿ ಇಲ್ಲವಂತೆ ಅಂದಳು, ಅಷ್ಟೇ. ಹೆಸರು ಹೇಳಿದ್ದನ್ನು ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಐದು ದಿನ ಹೋಯಿತಲ್ಲ ಅನ್ನುವ ಸಂಕಟಕ್ಕಿಂತ ಭಯವೇ ಹೆಚ್ಚಾಗಿತ್ತು. ಚನ್ನಗಿರಿಯಲ್ಲಿ ಹೇಳಿದ್ದರೆ ಗಂಡ ಸಿಗುತ್ತಿದ್ದ. ಅಲ್ಲಿ ಬಿಗಿಹಿಡಿದು, ಯಾರಿಗೂ ಬೇಡದ ಕಡೆ ಹೇಳಿಬಿಟ್ಟೆ. ಅದೂ ಎರಡು ಸಲ. ಊರಿಗೆ ಬಂದ ವಾರಕ್ಕೇ ಹಟ್ಟಿಗೆ ಹೋಗಿ ದೇವಸ್ಥಾನದ ಸುತ್ತ ಉರುಳುಸೇವೆ ಮಾಡಿದಳು. ಯಾತಕ್ಕೆ ಅಂತ ಅತ್ತೆ ಕೇಳಿದರೆ, ಅವರು ಚೆನ್ನಾಗಿರಲಿ ಅಂತ ಅಂದಳು.

ಮೇ ತಿಂಗಳಲ್ಲಿ ಕಾಗದ ಬಂತು. ಮಾಲ್ಟಾದ ವಿಮಾನ ನಿಲ್ದಾಣದ ಬಾಗಿಲಲ್ಲಿ ಫೋರ್‌ಮನ್ ಹೆಂಡತಿ ಗಂಟು ಹಿಡಿದುಕೊಂಡು ಒಬ್ಬರೇ ಬಂದಾಗ, ಇವಳು ಹಿಂದೆ ಬರುತ್ತಿರಬೇಕು ಅಂತ ಬಹಳ ಹೊತ್ತು ನಿಂತಿದ್ದನಂತೆ. ರೂಮು ಹಿಡಿದಾಗಿತ್ತು, ಬಿಡುವು ಸಿಕ್ಕಾಗಿತ್ತು. ಗೆರೆ ಹಾಕಿ ಬರೆದಿದ್ದ ಕಡೆಗೆಲ್ಲ ಒಬ್ಬನೇ ಹೋದನಂತೆ. ನಾಲ್ಕನೇ ದಿನ ಮರಳಿನ ಮೇಲೆ ಕೂತು ರೊಟ್ಟಿ ತಿಂದೆ, ಸಮುದ್ರ ಚೆನ್ನಾಗಿತ್ತು, ಅಂತ ಬರೆದಿದ್ದ. ಮೇಷ್ಟ್ರಿಗೆ ಮುಂದೆ ಓದಲಾಗಲಿಲ್ಲ. ಯಾರೂ ಅವತ್ತು ಅವಳನ್ನು ಚುಡಾಯಿಸಲಿಲ್ಲ.

ಪಾಸ್‌ಪೋರ್ಟು ತಿದ್ದಿಸಿ ಬರುವಷ್ಟರಲ್ಲಿ ವರ್ಷ ಕಳೆದಿತ್ತು, ಫೋರ್‌ಮನ್ನು ಕೆಲಸ ಬಿಟ್ಟು ಹೋಗಿದ್ದರು. ಎಂಬತ್ತಾರರಲ್ಲಿ ಕಂಪನಿಯ ಕೆಲಸವೇ ಮುಗಿದು ತಿಪ್ಪೇಶಪ್ಪ ಊರಿಗೆ ಬಂದ, ಕೆಮ್ಮುತ್ತಾ ಬಂದ. ಬೆಸುಗೆಯ ಹೊಗೆ ಎದೆಯಲ್ಲಿ ಕೂತಿದೆ ಅಂದರು ಡಾಕ್ಟರು. ಹೊನ್ನಾಳಿಯಲ್ಲಿ ಒಬ್ಬರ ಔಷಧಿ ಒಳ್ಳೆಯದು ಅಂತ ತಿಂಗಳಿಗೊಮ್ಮೆ ಗಂಡ ಹೆಂಡತಿ ಅಲ್ಲಿಗೆ ಹೋಗುತ್ತಿದ್ದರು. ಬಸ್ಸು ಬರುವತನಕ ಹೊಳೆಯ ದಡದಲ್ಲಿ ಕೂರುತ್ತಿದ್ದರು. ಸಮುದ್ರ ಇಷ್ಟು ದೊಡ್ಡದಿರುತ್ತಾ ಅಂತ ಅವಳು ಕೇಳಿದರೆ ಅವನು ನಕ್ಕು, ನಕ್ಕಿದ್ದಕ್ಕೇ ಕೆಮ್ಮು ಬಂದು, ಆಚೆ ದಡ ಕಾಣೋದಿಲ್ಲ ಅಂದ. ಒಂದು ಸಲ ಕೇಳಿಯೇಬಿಟ್ಟ.

"ಆವತ್ತು ಬೊಂಬಾಯಾಗೆ ಏನ್ ಕೇಳಿದ್ರೇ ನಿನ್ನ?"

ಹೇಳಬೇಕು ಅಂತ ಅವಳ ಬಾಯಿಗೆ ಬಂದಿತ್ತು. ಅವನ ಬೆನ್ನು ಸವರುತ್ತಿದ್ದ ಕೈಗೆ ಮೂಳೆಗಳು ಸಿಗುತ್ತಿದ್ದವು. ಇದು ಹೊಗೆಯಿಂದ ಬಂದದ್ದಲ್ಲ, ನನ್ನ ನಾಲಗೆಯಿಂದ ಬಂದದ್ದು ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು. ಎಂಥ ಹುಚ್ಚು ಅನ್ನಿ, ಆ ಹುಚ್ಚು ಅವಳನ್ನು ದಿನಾ ಸುಡುತ್ತಿತ್ತು. ನನಗೆ ಅವರ ಭಾಷೆ ತಿಳೀಲಿಲ್ಲ ಅಂದಳು. ಅವನು ಮತ್ತೆ ಕೇಳಲಿಲ್ಲ.

ಎಂಬತ್ತೆಂಟರ ಮಳೆಗಾಲದಲ್ಲಿ ತಿಪ್ಪೇಶಪ್ಪ ತೀರಿಕೊಂಡ. ಹೆಣದ ಮುಂದೆ ಕೇರಿಯ ಹೆಂಗಸರೆಲ್ಲ ಸೇರಿದರು. ಅಳುತ್ತಾ ಅಳುತ್ತಾ ಗಿಡ್ಡಮ್ಮ ಉಚ್ಚಂಗಮ್ಮನ ಗುಣವನ್ನು ಎತ್ತಿ ಹಾಡಿದಳು. ಎಂಥ ಹೆಂಡತಿಯಪ್ಪಾ ನಿನಗೆ, ಹದಿನಾಲ್ಕು ವರ್ಷ ಬಾಳಿದಳು, ಒಂದು ದಿನ ನಿನ್ನ ಹೆಸರು ಬಾಯಾಗೆ ತಂದೋಳಲ್ಲ, ಅಂತ. ಹೌದು ಹೌದು ಅಂತ ಉಳಿದವರು ದನಿಗೂಡಿಸಿದರು. ಮೂಕಮ್ಮನೂ ತಲೆ ಆಡಿಸಿದಳು.

ಉಚ್ಚಂಗಮ್ಮ ಗಂಡನ ಕಾಲ ಮೇಲಿಂದ ತಲೆ ಎತ್ತಿದಳು.

"ಹೇಳೀನಿ ಕಣವ್ವಾ," ಅಂದಳು. "ಎರಡು ಸಲ ಹೇಳೀನಿ."

ದುಃಖಕ್ಕೆ ಏನೇನೋ ಬಡಬಡಿಸುತ್ತಾಳೆ ಅಂದುಕೊಂಡು ಗಿಡ್ಡಮ್ಮ ಅವಳ ತಲೆಯನ್ನು ಎಳೆದು ತನ್ನ ತೊಡೆಯ ಮೇಲೆ ಹಾಕಿಕೊಂಡಳು.